ಆ ಪೆಟ್ಟಿಗೆ ಕೊಟ್ಟಿದ್ದು ಯಾರು?

ನಮ್ಮ ಮನೆಯವರ ಗುಂಪಿನಲ್ಲಿ ನಿನ್ನೆ ನಡೆದದ್ದು. ಕಾಗುಣಿತ ಮಾತ್ರ ಸರಿ ಮಾಡಿದ್ದೇನೆ.

ದೊಡ್ಡಪ್ಪ (ಫಾರ್ವರ್ಡ್): ಎಚ್ಚರಿಕೆ!! ವೇಗವಾಗಿ ಹೋಗುವಾಗ ಬೈಕಿನ ಹ್ಯಾಂಡಲ್ ಅದುರಿದರೆ ಎರಡೂ ಕೈಯಲ್ಲಿ ಬಲವಾಗಿ ಹಿಡಿದು ತಕ್ಷಣ ಮುಂದಿನ ಬ್ರೇಕ್ ಒತ್ತಿರಿ. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ.

ದೊಡ್ಡಪ್ಪ: ನಮ್ಮ ಮನೆಯಲ್ಲೂ ಒಬ್ಬರ ಬೈಕ್ ಅದುರುತ್ತಿದೆಯಂತೆ. ಹೆಸರು ಹೇಳುವುದಿಲ್ಲ.

ನಾನು: ಈ ಗುಂಪಿನಲ್ಲಿ ಬೈಕ್ ಇರುವವನು ನಾನೊಬ್ಬನೇ ದೊಡ್ಡಪ್ಪ.

ಅಕ್ಕ: ಇದನ್ನು ಬರೆದವರು ಯಾರು? ಮೂಲ ಕೊಡಿ.

ದೊಡ್ಡಪ್ಪ: ನದೀಮೂಲ, ಋಷಿಮೂಲ ಕೇಳಬಾರದು.

ಅಕ್ಕ: ಫಾರ್ವರ್ಡ್ ಮೂಲ ಕೇಳಬಹುದು.

ಚಿಕ್ಕಮ್ಮ: ತುಂಬಾ ಉಪಯುಕ್ತ ಮಾಹಿತಿ. ಇನ್ನೂ ಮೂರು ಗುಂಪಿಗೆ ಕಳಿಸಿದೆ.

ಅಕ್ಕ: ಓದಿದ್ರಾ ಚಿಕ್ಕಮ್ಮ?

ಚಿಕ್ಕಮ್ಮ: ಕೆಲಸ ಮುಗಿಸಿ ಓದುತ್ತೇನೆ.

ನಾನು: ಅದರಲ್ಲಿ ಇರುವುದೆಲ್ಲ ಉಲ್ಟಾ. ಅದುರುವಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಜಗ್ಗಾಡಿದರೆ ನಮ್ಮ ಕೈಯೇ ಅದುರಾಟಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಮುಂದಿನ ಬ್ರೇಕ್ ಒತ್ತಿದರೆ ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಬೇಕು, ಮೈ ಮುಂದಕ್ಕೆ ಬಾಗಿಸಬೇಕು, ತೋಳು ಸಡಿಲ ಇರಬೇಕು, ಆಕ್ಸಿಲರೇಟರ್ ನಿಧಾನವಾಗಿ ಬಿಡಬೇಕು. ಚಿಕ್ಕಮ್ಮ, ದಯವಿಟ್ಟು ಆ ಮೂರು ಗುಂಪಿನಲ್ಲಿ ಅಳಿಸಿ.

ಮಾವನ ಮಗ: ಅದುರುವುದು ಅಂದಾಗ ಅಜ್ಜನ ಸ್ಕೂಟರ್ ನೆನಪಾಯಿತು ಕಣ್ರೋ. ನಿಂತಲ್ಲೇ ಅದುರುತ್ತಿತ್ತು! ನಾನು ಮುಂದೆ ನಿಂತುಕೊಂಡು ಹಾರ್ನ್ ಒತ್ತುತ್ತಿದ್ದೆ.

ಅಕ್ಕ: ಮುಂದೆ ನಿಲ್ಲುತ್ತಿದ್ದದ್ದು ನಾನು. ನೀನು ಹಿಂದೆ ಸ್ಟೆಪ್ನಿ ಅಪ್ಪಿಕೊಂಡು ಅಳುತ್ತಿದ್ದೆ.

ಇಲ್ಲಿಂದ ಹದಿನೇಳು ಮೆಸೇಜು ಹಾರ್ನ್ ಒತ್ತಿದವರು ಯಾರು ಅನ್ನುವುದರ ಮೇಲೆ. ಅವನ್ನು ಬಿಡುತ್ತೇನೆ.

ಭಾವ: ನಾನು ಆ ಬೈಕ್ ಒಯ್ದಾಗ ಒಂಚೂರೂ ಅದುರಲಿಲ್ಲಪ್ಪ.

ನಾನು: ಒಂದು ದಿನಕ್ಕೆ ಅಂತ ಒಯ್ದು ಹನ್ನೊಂದು ದಿನ ಇಟ್ಟುಕೊಂಡಿರಿ ಭಾವ. ವಾಪಸ್ ಬಂದಾಗ ಹಿಂದಿನ ಟೈರಿನಲ್ಲಿ ಗಾಳಿ 7 ಪಿಎಸ್‌ಐ ಕಡಿಮೆ ಇತ್ತು. ಗಾಳಿ ಕಡಿಮೆ ಇದ್ದರೂ ಗಾಡಿ ಓಲಾಡುತ್ತದೆ.

ಭಾವ: ಹಾಗಾದರೆ ನಾನೇ ಕಾರಣ ಅನ್ನು. ಅನ್ನು, ಅನ್ನು. ಹ್ಯಾಂಡಲಿನ ಅದುರಾಟ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸು, ಮುಗೀತು.

ನಾನು: ಡ್ಯಾಂಪರ್ ಅಂದರೆ ಹಲ್ಲುನೋವಿಗೆ ಮಾತ್ರೆ ನುಂಗಿದ ಹಾಗೆ. ಹುಳುಕು ಒಳಗೇ ಇರುತ್ತದೆ. ಭಾನುವಾರ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವ ಹಾಗೆ ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದೆ. ಟಕ್ ಅಂತು. ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಸಡಿಲ. ಹ್ಯಾಂಡಲ್ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದಾಗ ನಟ್ಟನಡುವೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಅಂದರೆ ಬೇರಿಂಗಿಗೆ ಗುಳಿ ಬಿದ್ದಿಲ್ಲ. ಬಿದ್ದಿದ್ದರೆ ಬಿಗಿ ಮಾಡಿ ಪ್ರಯೋಜನ ಇರಲಿಲ್ಲ, ಬದಲಾಯಿಸಲೇಬೇಕಿತ್ತು. ಆಮೇಲೆ ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದೆ, ಅಲೆ ಅಲೆಯಾಗಿ ಸವೆದಿತ್ತು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಅಕ್ಕಪಕ್ಕಕ್ಕೆ ಎಳೆದೆ, ಅದು ಗಟ್ಟಿ ಇದೆ.

ಅಕ್ಕ: ಇದಕ್ಕೆ ಮೂಲ?

ನಾನು: ನನ್ನ ಕೈ.

ದೊಡ್ಡಪ್ಪ: ಕೋನ್‌ಸೆಟ್ ಅಲ್ಲ, ವೇಗ ಕಾರಣ. ನಮ್ಮ ಕಾಲದಲ್ಲಿ ನಿಧಾನವಾಗಿ ಹೋಗುತ್ತಿದ್ದೆವು, ಏನೂ ಅದುರುತ್ತಿರಲಿಲ್ಲ.

ಮಾವನ ಮಗ: ಸ್ಕೂಟರ್ ಅದುರುತ್ತಿತ್ತು ದೊಡ್ಡಪ್ಪ.

ನಾನು: 60ರಲ್ಲೂ ಅದುರಬಹುದು. ಹ್ಯಾಂಡಲ್ ಅದುರಾಟ ಅಂದರೆ ಸೆಕೆಂಡಿಗೆ ಸುಮಾರು 4ರಿಂದ 10 ಸಲ. ಟೈರಿನ ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್, ಹಾಗಾಗಿ 60 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ 8 ಸುತ್ತು. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ಪ್ರತಿ ಸುತ್ತಿಗೂ ಒಂದು ಏಟು, ಏಟೂ ಅದುರಾಟವೂ ತಾಳ ಕೂಡಿಸುತ್ತವೆ. ಹೆಚ್ಚು ವೇಗದಲ್ಲಿ ಬರುವ ಇನ್ನೊಂದು ಬೇರೆ, ಇಡೀ ಗಾಡಿಯೇ ಹಾವಿನ ಹಾಗೆ ಹೊಯ್ದಾಡುವುದು, ಅದು ಸೆಕೆಂಡಿಗೆ 2ರಿಂದ 4 ಸಲ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಚಿಕ್ಕಮ್ಮ ಒಂದು ಹೆಬ್ಬೆರಳು ಹಾಕಿದರು, ಓದದೆಯೇ ಅಂತ ನನ್ನ ಅನುಮಾನ.

ಭಾವ: ಈಗ ಸರಿಯಾಯಿತಾ ಇಲ್ವಾ? ಅಷ್ಟು ಹೇಳು.

ನಾನು: ಕೋನ್‌ಸೆಟ್ ಬಿಗಿ ಮಾಡಿಸಿದೆ. ಅತಿ ಬಿಗಿಯೂ ಆಗಬಾರದು, ಗಾಡಿ ನೇರ ಹೋಗುವುದಿಲ್ಲ. ಟೈರ್ ಬದಲಾಯಿಸಿ ಬ್ಯಾಲೆನ್ಸ್ ಮಾಡಿಸಿದೆ. ಮೊದಲು 90ಕ್ಕೇ ಶುರುವಾಗುತ್ತಿದ್ದದ್ದು 105ಕ್ಕೆ ಹೋಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಒಂದೊಂದೇ ಬದಲಾಯಿಸಿ ನೋಡುತ್ತಿದ್ದೆ, ಕೊನೆಗೆ ಹಿಂದಿನ ಪೆಟ್ಟಿಗೆ ಬಿಚ್ಚಿದೆ. ನಿಂತೇ ಹೋಯಿತು.

ಅಕ್ಕ: ಯಾವ ಪೆಟ್ಟಿಗೆ?

ನಾನು: ಸೀಟಿನ ಹಿಂದಿನದು. ಭಾರ ಹಿಂದಿನ ಅಚ್ಚಿನಿಂದಲೂ ಆಚೆ, ಅದೂ ಎತ್ತರದಲ್ಲಿ ಕೂತರೆ ಮುಂದಿನ ಚಕ್ರ ಹಗುರಾಗುತ್ತದೆ.

ಭಾವ: ಆ ಪೆಟ್ಟಿಗೆ ಕೊಟ್ಟಿದ್ದು ಯಾರು?

ಗೊತ್ತಿದ್ದೇ ಕೇಳಿದ್ದು. ಭಾವ ಹನ್ನೊಂದು ದಿನದ ಲೆಕ್ಕ ಅಲ್ಲೇ ತೀರಿಸಿಕೊಂಡರು.

ದೊಡ್ಡಪ್ಪ: ಬೇಡ ಅಂತ ಅವತ್ತೇ ಹೇಳಬಹುದಿತ್ತು.

ನಾನು: ಪೆಟ್ಟಿಗೆ ಚೆನ್ನಾಗಿದೆ ದೊಡ್ಡಪ್ಪ. ಅದರ ತುಂಬ ಸಾಮಾನು ತುಂಬಿದ್ದು ನನ್ನ ತಪ್ಪು.

ದೊಡ್ಡಪ್ಪ: ಪ್ರೀತಿಯಿಂದ ಕೊಟ್ಟದ್ದಕ್ಕೆ ಈ ಕಾಲದಲ್ಲಿ ಬೆಲೆ ಇಲ್ಲ.

ಚಿಕ್ಕಮ್ಮ: ಯಾರಿಗೂ ಬೇಡವಾದರೆ ನಮ್ಮ ಹುಡುಗನಿಗೆ ಇರಲಿ. ಅವನದು ಸೈಕಲ್ ತಾನೇ.

ನಾನು: ಸೈಕಲ್ಲೂ ಅದುರುತ್ತದೆ ಚಿಕ್ಕಮ್ಮ!

ಮಾವನ ಮಗ: ಸಿಕ್ಕಿತು, ಸಿಕ್ಕಿತು! (ಫೋಟೋ) ಅಜ್ಜನ ಸ್ಕೂಟರ್. ಮುಂದೆ ನಿಂತಿರುವುದು ಯಾರು, ನೀವೇ ನೋಡಿ.

ಚಿಕ್ಕಮ್ಮ: ನೀನೂ ಅಲ್ಲ, ಅವಳೂ ಅಲ್ಲ. ಅದು ದೊಡ್ಡಪ್ಪನ ಮಗಳು.

ಅಕ್ಕ: ಈ ಫೋಟೋ ಎಲ್ಲಿಂದ ಬಂತು? ಮೂಲ ಕೊಡಿ.