ಸಹವಾಸಕ್ಕಿಂತ ಮುಂಚಿನದಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ,

ಜನ ಹೇಗೆ ಗುಂಪುಗೂಡುತ್ತಾರೆ ಅನ್ನುವುದನ್ನು ಸಂಖ್ಯಾಶಾಸ್ತ್ರದ ಮಾದರಿಗಳಿಂದ ವಿವರಿಸುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹೋಮೋಫಿಲಿ’ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಸಮಾಜಶಾಸ್ತ್ರಜ್ಞರಾದ ಲಾಜರ್ಸ್‌ಫೆಲ್ಡ್ ಮತ್ತು ಮರ್ಟನ್ 1954ರಲ್ಲಿ ಬಳಕೆಗೆ ತಂದ ಪದ ಇದು. ವಯಸ್ಸು, ಓದು, ಅಭಿರುಚಿ, ಹೀಗೆ ಯಾವುದರಲ್ಲೋ ತಮ್ಮನ್ನು ಹೋಲುವವರ ಜೊತೆಗೇ ಜನ ಜಾಸ್ತಿ ಬೆರೆಯುತ್ತಾರೆ ಅಲ್ವಾ, ಅದು.

ಮೊದಲು ಹೊಳೆದದ್ದು ‘ಸಹವಾಸ’. ಬರೆದು ನೋಡಿದರೆ ಅರ್ಥವೇ ತಿರುವುಮುರುವು! ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಅನ್ನುವಾಗ ಸ್ನೇಹ ಮೊದಲು, ಹೋಲಿಕೆ ಆಮೇಲೆ. ನನಗೆ ಬೇಕಾದದ್ದು ಹೋಲಿಕೆ ಮೊದಲು, ಸ್ನೇಹ ಆಮೇಲೆ. ಮಾದರಿ ಕಟ್ಟುವವರಿಗೂ ಇದೇ ತಲೆನೋವು. ಇಬ್ಬರು ಗೆಳೆಯರು ಸಿಗರೇಟು ಸೇದುತ್ತಾರೆ ಅನ್ನಿ. ಸೇದುತ್ತಿದ್ದುದರಿಂದ ಗೆಳೆಯರಾದರೋ, ಗೆಳೆಯನನ್ನು ನೋಡಿ ಇನ್ನೊಬ್ಬ ಕಲಿತನೋ? ಒಂದೇ ದಿನ ಕಲೆಹಾಕಿದ ಅಂಕಿಅಂಶ ಇದನ್ನು ಹೇಳುವುದಿಲ್ಲ. ಎರಡಕ್ಕೂ ‘ಸಹವಾಸ’ ಅಂತ ಬರೆದರೆ ಓದುಗರಿಗೆ ಪ್ರಶ್ನೆ ಇದೆ ಅನ್ನುವುದೇ ಕಾಣುವುದಿಲ್ಲ.

‘ಸಮಾನಮನಸ್ಕತೆ’ಯಲ್ಲಿ ಮನಸ್ಸು ಬಿಟ್ಟು ಬೇರೆ ಹೋಲಿಕೆಗೆ ಜಾಗವಿಲ್ಲ. ‘ಓರಗೆ’ ಚೆಂದದ ಪದ, ಆದರೆ ವಯಸ್ಸಿಗೆ ಅಂಟಿಕೊಂಡಿದೆ. ‘ಸರೀಕರು’ ಅಂದ ತಕ್ಷಣ ಅಂತಸ್ತು, ಪೈಪೋಟಿ, ತಲೆ ತಗ್ಗಿಸುವುದು ಎಲ್ಲ ಬಂದುಬಿಡುತ್ತದೆ. ಸದ್ಯಕ್ಕೆ ‘ಹೋಲಿಕೆಯ ಸೆಳೆತ’ ಅಂತ ಇಟ್ಟಿದ್ದೇನೆ. ಅರ್ಥ ಸರಿಯಿದೆ, ಆದರೆ ಪುಟಕ್ಕೆ ಹತ್ತು ಸಲ ಬರುವ ಪದ ಇದು. ಇನ್ನೂ ಚಿಕ್ಕದು ಸಿಕ್ಕರೆ ಬದುಕಿದೆ.

ಇನ್ನೊಂದು ಅನುಮಾನ, ಗುಂಪಿನದ್ದೇ. (‘ಗುಂಪುಗಾರಿಕೆ’ ಅಂತ ಮಾತ್ರ ಸೂಚಿಸಬೇಡಿ, ಅದು ರಾಜಕೀಯದವರಿಗೇ ಇರಲಿ.) ಅಮೆರಿಕದ ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್ ಬಗ್ಗೆ ವೇಯ್ನ್ ಝ್ಯಾಕರಿ 1977ರಲ್ಲಿ ಬರೆದ ಅಧ್ಯಯನ ಈ ವಿಷಯದಲ್ಲಿ ಎಲ್ಲರೂ ಎತ್ತುವ ಉದಾಹರಣೆ. ಶುಲ್ಕದ ವಿಚಾರಕ್ಕೆ ಗುರುವಿಗೂ ಅಧ್ಯಕ್ಷರಿಗೂ ಜಗಳವಾಗಿ ಕ್ಲಬ್ ಎರಡು ಹೋಳಾಯಿತು. ಯಾರ ಒಡನಾಟ ಯಾರೊಂದಿಗೆ, ಎಷ್ಟು ಅನ್ನುವ ಲೆಕ್ಕದಿಂದಲೇ ಝ್ಯಾಕರಿಯವರ ಮಾದರಿ 34 ಜನರಲ್ಲಿ 33 ಜನ ಯಾವ ಕಡೆ ಹೋದರೆಂದು ಸರಿಯಾಗಿ ಹೇಳಿತು. ತಪ್ಪಿದ್ದು ಒಬ್ಬನದು. ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಉಳಿದಿತ್ತು, ಪಾಪ, ಗುರುವನ್ನು ಹೇಗೆ ಬಿಟ್ಟಾನು?

ಒಡೆದ ಮೇಲಿನ ಎರಡು ಪಾಲಿಗೆ ‘ಬಣ’ ಹೇಳಿ ಮಾಡಿಸಿದಂತಿದೆ. ಆದರೆ ಒಡೆಯುವ ಮೊದಲೇ ಒಡನಾಟದ ನಕ್ಷೆಯಲ್ಲಿ ದಟ್ಟವಾಗಿ ಕಾಣುವ ಗಂಟುಗಳಿಗೆ? ಅಲ್ಲಿ ಜಗಳವಿಲ್ಲ, ಆದ್ದರಿಂದ ಬಣವಲ್ಲ. ‘ಬಳಗ’ ಅನ್ನೋಣ ಅಂದರೆ, ಬಳಗದವರಿಗೆ ತಾವು ಬಳಗ ಅಂತ ಗೊತ್ತಿರುತ್ತದೆ. ಇವರಿಗೆ ಅದೂ ಗೊತ್ತಿರಬೇಕಾಗಿಲ್ಲ, ಲೆಕ್ಕ ಹಾಕಿದವನಿಗೆ ಮಾತ್ರ ಕಾಣುತ್ತದೆ. ‘ಗೊಂಚಲು’ ಅನ್ನಬಹುದೇ? ಮನುಷ್ಯರಿಗೆ ಹೇಳಿದರೆ ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.