ಹಿಮದ ನಾಡಿನ ಬಂಡೆಯಿಂದ ಜಿಗಿತ: ಧೈರ್ಯವೋ, ಹಠವೋ?

ಬೆಟ್ಟದ ಹಾದಿ
ನಿನ್ನೆ ರಾತ್ರಿ ಹಳೆಯ ಜೇಮ್ಸ್ ಬಾಂಡ್ ಸಿನಿಮಾದ ದೃಶ್ಯವೊಂದನ್ನು ಮತ್ತೆ ನೋಡಿದೆ. ಹೀರೋ ಸ್ಕೀ ಮೇಲೆ ಜಾರಿಕೊಂಡು ಬಂದು ಬೆಟ್ಟದ ಅಂಚಿನಿಂದ ಹಾರಿಬಿಡುತ್ತಾನೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ಅದು ಟ್ರಿಕ್ ಅಲ್ಲ. 1976ರಲ್ಲಿ ರಿಕ್ ಸಿಲ್ವೆಸ್ಟರ್ ಎಂಬ ಸ್ಟಂಟ್‌ಮನ್ ಕೆನಡಾದ ಬ್ಯಾಫಿನ್ ದ್ವೀಪದ ಮೌಂಟ್ ಆಸ್ಗಾರ್ಡ್‌ನಿಂದ ನಿಜವಾಗಿ ಜಿಗಿದಿದ್ದು. ಕಳಚಿಕೊಂಡ ಒಂದು ಸ್ಕೀ ಪ್ಯಾರಾಶೂಟಿಗೆ ತಾಗಿ ಹೋಗುವುದೂ ಕಾಣುತ್ತದೆ. ಈಗಲೂ ಜನ ಇಂಥ ಜಾಗ ಹುಡುಕಿಕೊಂಡು ಹೋಗುತ್ತಾರೆ. ಬಿದ್ದರೆ ಎತ್ತಲು ಯಾರೂ ಇಲ್ಲದ ಕಡೆ ಹೀಗೆ ಮಾಡುವುದು ಸರಿನಾ? ನನಗಂತೂ ತಪ್ಪು ಅನ್ನಿಸುತ್ತದೆ.

ಮೈಸೂರು ಹಕ್ಕಿ
ನಾನು ವಿಮಾನದಿಂದ ಕೆಲವು ಸಲ ಜಿಗಿದವನು. ನಮ್ಮ ಬೆನ್ನಿಗೆ ಎರಡು ಪ್ಯಾರಾಶೂಟ್ ಇರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು. ಬಂಡೆಯಿಂದ ಜಿಗಿಯುವವರಿಗೆ ಒಂದೇ. ಎರಡನೆಯದನ್ನು ಬಿಚ್ಚುವಷ್ಟು ಸಮಯವೇ ಸಿಗುವುದಿಲ್ಲ. ಹಾಗಾಗಿ ಅವರು ಅದನ್ನು ಮಡಿಸುವ ಶ್ರದ್ಧೆಯೇ ಬೇರೆ. ರಷ್ಯಾದ ಜಿಗಿತಗಾರ ವಲೇರಿ ರೋಜೊವ್ 2010ರಲ್ಲಿ ಅಂಟಾರ್ಕ್ಟಿಕಾದ ಉಲ್ವೆಟಾನಾದಿಂದ ವಿಂಗ್‌ಸೂಟ್, ಅಂದರೆ ಕೈಕಾಲುಗಳ ನಡುವೆ ರೆಕ್ಕೆಯಂಥ ಬಟ್ಟೆ ಇರುವ ಉಡುಪು, ತೊಟ್ಟು ಹಾರಿದರು. ಸುಮಾರು 2,930 ಮೀಟರ್ ಎತ್ತರದ ಚೂಪು ಶಿಖರ ಅದು. ಮೊದಲು ಹಗ್ಗ ಕಟ್ಟಿಕೊಂಡು ಹತ್ತಬೇಕು, ಆಮೇಲೆ ಹಾರಾಟ. ಇದನ್ನು ಸುಮ್ನೆ ಹಠ ಅಂದುಬಿಡಬೇಡಿ.

ಬೆಟ್ಟದ ಹಾದಿ
ಅದೇ ರೋಜೊವ್ 2017ರಲ್ಲಿ ನೇಪಾಳದ ಅಮಾ ದಬ್ಲಮ್‌ನಲ್ಲಿ ಜಿಗಿದು ತೀರಿಕೊಂಡರು. ಅಷ್ಟು ಪಳಗಿದವರಿಗೇ ಹೀಗಾಯಿತು, ಅಲ್ವಾ?

ಲಡಾಖ್ ಡೈರಿ
ನೀವಿಬ್ಬರೂ ಚಳಿಯನ್ನೇ ಮರೆತಿದ್ದೀರಿ. ಒಂದು ಜನವರಿಯಲ್ಲಿ ಜಂಸ್ಕಾರ್ ನದಿಯ ಮಂಜುಗಡ್ಡೆ ಮೇಲೆ ನಡೆದಿದ್ದೆ. ಬೆಳಿಗ್ಗೆ ಜಾಕೆಟ್ಟಿನ ಜಿಪ್ ಎಳೆಯಲು ಕೈಗವಸು ತೆಗೆದೆ. ಎರಡೇ ನಿಮಿಷ. ಜಿಪ್ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಕಣ್ಣಲ್ಲಿ ನೋಡಿಕೊಂಡು ಹಿಡಿಯಬೇಕಾಯಿತು. ಜಿಗಿಯುವವರು ಬೆನ್ನ ಹಿಂದಿರುವ ಸಣ್ಣ ಹಿಡಿಯನ್ನು ನೋಡದೆಯೇ ತಡವಿ, ಎಳೆದು, ಗಾಳಿಗೆ ಎಸೆಯಬೇಕು. ಆ ಹಿಡಿಗೆ ಸೇರಿದ ಪುಟ್ಟ ಪ್ಯಾರಾಶೂಟ್, ಅಂದರೆ ಪೈಲಟ್ ಶೂಟ್, ಗಾಳಿ ತುಂಬಿಕೊಂಡರೆ ಮಾತ್ರ ದೊಡ್ಡದು ಹೊರಗೆ ಬರುತ್ತದೆ. ಗವಸು ದಪ್ಪ ಇದ್ದರೆ ಹಿಡಿ ಸಿಗುವುದಿಲ್ಲ, ತೆಳು ಇದ್ದರೆ ಬೆರಳು ಮರಗಟ್ಟುತ್ತದೆ. ನನಗೆ ಎತ್ತರಕ್ಕಿಂತ ಆ ಬೆರಳುಗಳದ್ದೇ ಭಯ ಜಾಸ್ತಿ.

ಕೆನಡಾ ಕನ್ನಡತಿ
‘ಯಾರೂ ಇಲ್ಲದ ಕಡೆ’ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಬ್ಯಾಫಿನ್‌ನ ಸ್ಯಾಮ್ ಫೋರ್ಡ್ ಫ್ಯೋರ್ಡ್‌ಗೆ, ಅಂದರೆ ಕಡಿದಾದ ಬಂಡೆಗಳ ನಡುವೆ ಒಳನುಗ್ಗಿದ ಸಮುದ್ರದ ಕವಲಿಗೆ, ಜಿಗಿಯುವವರು ಹೋಗುವುದು ಹೆಚ್ಚಾಗಿ ಏಪ್ರಿಲ್, ಮೇ ಹೊತ್ತಿಗೆ. ಆಗ ಸಮುದ್ರ ಇನ್ನೂ ಹೆಪ್ಪುಗಟ್ಟಿರುತ್ತದೆ. ಹೋಗುವ ರಸ್ತೆಯೂ ಅದೇ, ಇಳಿಯುವ ಬಯಲೂ ಅದೇ. ಹತ್ತಿರದ ಊರು ಕ್ಲೈಡ್ ರಿವರ್. ಅಲ್ಲಿನ ಇನುಯಿಟ್ ಜನ ಸ್ನೋಮೊಬೈಲಿನ ಹಿಂದೆ ಕಮುಟಿಕ್ ಅನ್ನುವ ಉದ್ದನೆಯ ಜಾರುಬಂಡಿ ಕಟ್ಟಿ ಸಾಮಾನೆಲ್ಲ ಎಳೆದೊಯ್ಯುತ್ತಾರೆ. ಮಂಜು ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಕಾಲಿಡಬಾರದು ಅಂತ ಅವರಿಗೆ ಗೊತ್ತು. ಅದು ಅವರು ಸೀಲ್ ಬೇಟೆಯಾಡುವ ನೆಲ. ಯಾರದಾದರೂ ಕಾಲು ಮುರಿದರೆ ಮೊದಲು ಓಡಿ ಬರುವವರೂ ಅವರೇ. ಸುದ್ದಿಯಲ್ಲಿ ಮಾತ್ರ ಜಿಗಿದವರ ಹೆಸರು. ನನಗೆ ಬೇಜಾರು ಅದಕ್ಕೆ.

ಮೈತ್ರಿಯ ತಮ್ಮ
ಅಂಟಾರ್ಕ್ಟಿಕಾದಲ್ಲಿ ಅಂಥ ಊರೂ ಇಲ್ಲ. ಉಲ್ವೆಟಾನಾ ಇರುವ ಕ್ವೀನ್ ಮಾಡ್ ಲ್ಯಾಂಡ್‌ನಲ್ಲೇ ನಮ್ಮ ಭಾರತದ ಮೈತ್ರಿ ಸಂಶೋಧನಾ ಕೇಂದ್ರವೂ ಇದೆ. ನಮ್ಮಣ್ಣ ಅಲ್ಲಿ ಒಂದು ಚಳಿಗಾಲ ಕಳೆದ. ಒಳನಾಡಿನ ಎತ್ತರದ ಹಿಮದಿಂದ ತಣ್ಣನೆಯ ಗಾಳಿ ಭಾರಕ್ಕೆ ಇಳಿಜಾರಿನಲ್ಲಿ ಹರಿದು ಬರುತ್ತದಂತೆ, ಥೇಟ್ ನೀರಿನ ಹಾಗೆ. ಅದು ಶುರುವಾದರೆ ವಿಮಾನದ ಮಾತೇ ಇಲ್ಲ. ಹಾಗಂತ ನಿಷೇಧ ಬೇಡ. 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಅಲ್ಲಿಗೆ ಹೋಗುವ ತಂಡ ಪರಿಸರಕ್ಕೆ ಏನು ತೊಂದರೆ ಆಗಬಹುದು ಅಂತ ಮೊದಲೇ ತೋರಿಸಬೇಕು. ರಕ್ಷಣೆಯ ವ್ಯವಸ್ಥೆಯನ್ನೂ ಹಾಗೇ ಮೊದಲೇ ತೋರಿಸಲಿ.

ಮೈಸೂರು ಹಕ್ಕಿ
ಇದು ನ್ಯಾಯ. ನಾರ್ವೆಯ ಟ್ರೋಲ್ ವಾಲ್ ಎಂಬ ಕಡಿದಾದ ಬಂಡೆಗೋಡೆಯಲ್ಲಿ 1986ರಿಂದ ಜಿಗಿಯುವಂತಿಲ್ಲ. ಸಾವುಗಳು ಒಂದು ಕಾರಣ, ಗೋಡೆಯಲ್ಲಿ ಸಿಕ್ಕಿಕೊಂಡವರನ್ನು ಇಳಿಸಲು ಹೋದವರ ಜೀವಕ್ಕೂ ಅಪಾಯ ಇದ್ದದ್ದು ಇನ್ನೊಂದು. ಈ ಮಾತನ್ನು ನಮ್ಮಂಥವರು ಒಪ್ಪಲೇಬೇಕು.

ಬೆಟ್ಟದ ಹಾದಿ
ಕನ್ನಡತಿಯವರೇ, ‘ಯಾರೂ ಇಲ್ಲದ ಕಡೆ’ ಅಂದಿದ್ದು ನನ್ನ ತಪ್ಪು, ವಾಪಸ್ ತಗೊಂಡೆ. ಆದರೆ ನನ್ನ ಪ್ರಶ್ನೆ ಇನ್ನೂ ದೊಡ್ಡದಾಯಿತು. ಜಿಗಿಯುವವರು ತಮ್ಮ ಜೀವ ಪಣಕ್ಕಿಡಲಿ. ಕೆಳಗೆ ಮಂಜಿನ ಮೇಲೆ ಸ್ನೋಮೊಬೈಲ್ ಸ್ಟಾರ್ಟ್ ಮಾಡಿಕೊಂಡು ಮೇಲೆ ನೋಡುತ್ತಾ ನಿಂತಿರುವವರನ್ನು ಯಾರಾದರೂ ಕೇಳಿದ್ದಾರಾ?