ಸಹಾಯ ಬೇಕು: ಹಳೇ ಟಾಕೀಸಿನ ಚರಿತ್ರೆ

ನಮಸ್ಕಾರ. ಸಣ್ಣ ಊರೊಂದರ ಮುಚ್ಚಿದ ಟಾಕೀಸಿನ ಚರಿತ್ರೆ ಬರೆಯಲು ಕೂತಿದ್ದೇನೆ. ಕಾಗದಪತ್ರ ಒಂದೂ ಉಳಿದಿಲ್ಲ, ಉಳಿದಿರೋದು ಪ್ರೊಜೆಕ್ಟರ್ ಕೋಣೆ ಮಾತ್ರ.

ನೆಲದಲ್ಲಿ ಎರಡು ಪ್ರೊಜೆಕ್ಟರ್ ಕೂರಿಸಿದ್ದ ಬೋಲ್ಟುಗಳಿವೆ. 35 ಎಂಎಂನ 2000 ಅಡಿ ರೀಲು ಓಡೋದೇ ಸುಮಾರು 22 ನಿಮಿಷ. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಶುರುವಾಗಬೇಕು. ತೆರೆಯ ಬಲ ಮೇಲ್ಮೂಲೆಯಲ್ಲಿ ಚುಕ್ಕೆಯೊಂದು ಮಿಂಚಿ ಮರೆಯಾಗುತ್ತಿತ್ತಲ್ಲ, ಅದು ಆಪರೇಟರಿಗೆ ಸೂಚನೆ. (ಚಿಕ್ಕವನಿದ್ದಾಗ ಅದನ್ನು ಫಿಲ್ಮ್ ಸುಟ್ಟ ಗುರುತು ಅಂದುಕೊಂಡಿದ್ದೆ!)

ಮೂಲೆಯಲ್ಲಿ ತಾಮ್ರ ಲೇಪಿಸಿದ, ಬೆರಳುದ್ದದ ಕಾರ್ಬನ್ ಕಡ್ಡಿ ತುಂಡುಗಳು ಸಿಕ್ಕವು. ಕ್ಸೆನಾನ್ ಅನಿಲದ ದೀಪ ಬರುವ ಮುಂಚೆ ಪ್ರೊಜೆಕ್ಟರಿನಲ್ಲಿದ್ದ, ಇಂಥ ಕಡ್ಡಿಗಳ ನಡುವೆ ವಿದ್ಯುತ್ ಹಾಯಿಸಿ ಉರಿಸುತ್ತಿದ್ದ ಆರ್ಕ್ ದೀಪದ್ದು. ಬೆಳಕು ತೆರೆಯತ್ತ ಹಾಯುವ ಕಿಂಡಿಗಳಿಗೆ ಕಬ್ಬಿಣದ ಜಾರುಮುಚ್ಚಳವಿದೆ, ಕೋಣೆಯ ಬೆಂಕಿ ಹೊರಗೆ ಹರಡದಿರಲಿ ಅಂತ. ಹಳೇ ಕಾಲದ, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿಗೆ ಬೆಂಕಿ ಬಿದ್ದರೆ ನೀರು ಸುರಿದರೂ ಆರುತ್ತಿರಲಿಲ್ಲ. ಕೊಡಕ್ ಅದರ ತಯಾರಿಕೆ ನಿಲ್ಲಿಸಿದ್ದು 1951ರಲ್ಲಿ. ಆದರೆ ಮುಚ್ಚಳಗಳು ಆಮೇಲೂ ಬಳಕೆಯಲ್ಲಿದ್ದವು, ಹಾಗಾಗಿ ಅದರಿಂದ ಕಾಲ ಹೇಳೋಕಾಗಲ್ಲ.

ಕೇಳಬೇಕಾದ್ದು ಇಷ್ಟು: ಶುರುವಾದ ವರ್ಷ ಹುಡುಕಲು ಲೈಸೆನ್ಸ್ ಕಡತ, ಮನರಂಜನಾ ತೆರಿಗೆ ದಾಖಲೆ, ಹಳೇ ಪತ್ರಿಕೆಯ ಸಿನಿಮಾ ಜಾಹೀರಾತು, ಇವುಗಳಲ್ಲಿ ಯಾವುದರಿಂದ ಶುರು ಮಾಡಲಿ? ಇನ್ನೊಂದು, ಡಬ್ಬಿಯಲ್ಲಿ ಸಿಕ್ಕ ಫಿಲ್ಮ್ ತುಂಡುಗಳು ವಿನೆಗರ್ ವಾಸನೆ ಹೊಡೆಯುತ್ತಿವೆ, ಅಸಿಟೇಟ್ (ನೈಟ್ರೇಟ್ ಬದಲು ಬಂದ ಫಿಲ್ಮ್) ಕೆಡುತ್ತಿರಬೇಕು. ಸದ್ಯ ಬೇರೆ ಇಟ್ಟಿದ್ದೇನೆ. ಸ್ಕ್ಯಾನ್ ಮಾಡಿಸಿ ಅನುಭವ ಇದ್ದವರು ದಯವಿಟ್ಟು ತಿಳಿಸಿ, ಸುರುಳಿ ಬಿಚ್ಚೋಕೇ ಭಯ ಆಗ್ತಿದೆ.